ಬ್ಯಾಟರಿ ಇಲ್ಲದ ಕಾರ್ಡಿನ ಉತ್ತರ

ಕೊಟ್ಟಿಗೆಹಾರದಲ್ಲಿ ಬಸ್ಸು ಹತ್ತಿ ಬೆಂಗಳೂರಿಗೆ ಬಂದಿಳಿದವರು ಮೆಟ್ರೊ ಗೇಟಿಗೆ ಸ್ಮಾರ್ಟ್ ಕಾರ್ಡ್ ತೋರಿಸಿದರೆ ಸಾಕು, ದಾರಿ ತೆರೆಯುತ್ತದೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ನಡುವೆ ‘ನಮ್ಮ ಮೆಟ್ರೊ’ ಓಡತೊಡಗಿದಂದಿನಿಂದ ನಗರಕ್ಕೆ ರೂಢಿಯಾದ ನೋಟವಿದು. ಕಾರ್ಡಿನಲ್ಲಿ ಬ್ಯಾಟರಿ ಇಲ್ಲ. ಆದರೂ ಅದು ಗೇಟಿನೊಡನೆ ಮಾತನಾಡುತ್ತದೆ!

ಗುಟ್ಟಿರುವುದು ಆಂಟೆನಾದಲ್ಲಿ. ಕಾರ್ಡಿನ ಪದರಗಳ ನಡುವೆ ಕೆಲವೇ ಸುತ್ತಿನ ತಂತಿಯ ಸುರುಳಿ, ಗೇಟಿನಲ್ಲೂ ಅಂಥದೇ ಒಂದು. ಗೇಟಿನ ಸುರುಳಿ 13.56 ಮೆಗಾಹರ್ಟ್ಸ್‌ನಲ್ಲಿ ಕಾಂತಕ್ಷೇತ್ರ ಹರಡಿದಾಗ ಕಾರ್ಡಿನ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡ ತತ್ವವೇ ಇದು. ಅಷ್ಟಕ್ಕೇ ಚಿಪ್ ಎಚ್ಚರಗೊಳ್ಳುತ್ತದೆ. ಅದು ಸ್ವಂತ ಅಲೆ ಕಳಿಸುವುದಿಲ್ಲ. ತನ್ನ ಸುರುಳಿಯ ಮೇಲಿನ ಹೊರೆಯನ್ನು ಏರಿಳಿಸುತ್ತದೆ, ಗೇಟು ಅದನ್ನೇ ಉತ್ತರವೆಂದು ಓದಿಕೊಳ್ಳುತ್ತದೆ. ಸುಮಾರು 10 ಸೆಂ.ಮೀ. ಆಚೆ ಸಂಭಾಷಣೆ ನಿಂತುಹೋಗುತ್ತದೆ.

ಕೇಳಿದವರ ಶಕ್ತಿಯಿಂದಲೇ ಉತ್ತರಿಸುವ ಈ ಉಪಾಯ ಮೊದಲು ಹೆಸರಾದದ್ದು ಬೇಹುಗಾರಿಕೆಯಲ್ಲಿ. 1945ರಲ್ಲಿ ಮಾಸ್ಕೋದ ಅಮೆರಿಕನ್ ರಾಯಭಾರಿಗೆ ಸೋವಿಯತ್ ಮಕ್ಕಳು ಕೊಟ್ಟ ಮರದ ಲಾಂಛನದೊಳಗೆ ಲಿಯಾನ್ ಥೆರೆಮಿನ್ ರೂಪಿಸಿದ ಸಾಧನವಿತ್ತು. ಹೊರಗಿನಿಂದ ರೇಡಿಯೊ ಅಲೆ ಬಿದ್ದಾಗ ಮಾತ್ರ ಅದು ಕೋಣೆಯ ಮಾತನ್ನು ಹೊರಗೆ ಒಯ್ಯುತ್ತಿತ್ತು. ಪತ್ತೆಯಾದದ್ದು 1952ರಲ್ಲಿ.

ಜೇಬಿನ ಕಾರ್ಡನ್ನೂ ಅಪರಿಚಿತರು ಹೀಗೆ ಮಾತನಾಡಿಸಿದರೆ? ಅದಕ್ಕೆಂದೇ ಗೂಢಲಿಪಿಯ ಕಾವಲು. ಆದರೆ ಜಗತ್ತಿನಾದ್ಯಂತ ಬಳಕೆಯಲ್ಲಿದ್ದ ‘ಮೈಫೇರ್ ಕ್ಲಾಸಿಕ್’ ಕಾರ್ಡಿನ ಗೂಢಲಿಪಿಯನ್ನು 2008ರಲ್ಲಿ ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಭೇದಿಸಿಬಿಟ್ಟರು. ಪ್ರಬಂಧ ಪ್ರಕಟವಾಗದಂತೆ ತಡೆಯಲು ತಯಾರಕರು ನ್ಯಾಯಾಲಯದ ಮೆಟ್ಟಿಲೇರಿದರು. ತೀರ್ಪು ಸಂಶೋಧಕರ ಪರವಾಗಿ ಬಂತು.