ಇಂಥವರ ಹೆಂಡತಿ, ಇಂಥವರ ಮಗಳು

ಮೊನ್ನೆ ನಮ್ಮ ಶಾಖೆಗೆ ಒಬ್ಬ ಅಜ್ಜಿ ಬಂದಿದ್ದರು. ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಮದುವೆಯಲ್ಲಿ ಹೆಸರು ಬದಲಾಯಿಸಿದ್ದರಂತೆ. “ಎರಡೂ ನಾನೇ ಅಲ್ವಾ?” ಅಂದರು. ಹೌದು, ಆದರೆ ಕಂಪ್ಯೂಟರ್ ಒಪ್ಪಬೇಕಲ್ಲ!

ಆಗ ನೆನಪಾದವರು ಸುಕುಮಾರ್ ಸೇನ್. ಬಂಗಾಳದ ಐಸಿಎಸ್ ಅಧಿಕಾರಿ, 1950ರಲ್ಲಿ ನಮ್ಮ ಮೊದಲ ಮುಖ್ಯ ಚುನಾವಣಾ ಆಯುಕ್ತರಾದವರು. 1951-52ರ ಮೊದಲ ಮಹಾಚುನಾವಣೆಗೆ 17 ಕೋಟಿಗೂ ಹೆಚ್ಚು ಮತದಾರರು. ಅವರಲ್ಲಿ ಹೆಂಗಸರು ಸುಮಾರು 8 ಕೋಟಿ. ಪಟ್ಟಿ ನೋಡಿದರೆ ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದಂಥ ಕಡೆ ಲಕ್ಷಾಂತರ ಹೆಂಗಸರಿಗೆ ಹೆಸರೇ ಇಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ, ಅಷ್ಟೇ. ಪರ ಗಂಡಸಿನ ಎದುರು ಹೆಸರು ಹೇಳುವುದು ಅಲ್ಲಿ ಮರ್ಯಾದೆಯಲ್ಲ. (ನಮ್ಮ ಕಡೆ ಉಲ್ಟಾ. ನಮ್ಮಜ್ಜಿ ತನ್ನ ಹೆಸರು ಧಾರಾಳವಾಗಿ ಹೇಳುತ್ತಿದ್ದಳು, ಗಂಡನ ಹೆಸರಿಗೆ ಮಾತ್ರ ಒಡಪು ಬೇಕಿತ್ತು.)

ತಪ್ಪು ಹೆಂಗಸರದೊಂದೇ ಅಲ್ಲ. 1935ರ ಕಾಯಿದೆಯಲ್ಲಿ ಮತದಾನದ ಹಕ್ಕಿಗೆ ಆಸ್ತಿ, ತೆರಿಗೆ, ಓದು ಬೇಕಿತ್ತು. ಅದರಲ್ಲಿ ಎಷ್ಟೋ ಹೆಂಗಸರಿಗೆ ಮತ ಬಂದದ್ದೇ ಆಸ್ತಿವಂತನ ಹೆಂಡತಿ ಅಥವಾ ವಿಧವೆ ಎಂಬ ಕಾರಣಕ್ಕೆ. ಸರಕಾರವೇ ಹಾಗೆ ಬರೆದುಕೊಂಡಿತ್ತು ನೋಡಿ.

ಸೇನ್ ಮಣಿಯಲಿಲ್ಲ. ಸ್ವಂತ ಹೆಸರು ಕೊಡದವರನ್ನು ಪಟ್ಟಿಯಿಂದ ತೆಗೆಯಿರಿ ಎಂದರು. ಬಿಹಾರದಲ್ಲಿ ಒಂದು ತಿಂಗಳು ಹೆಚ್ಚಿನ ಅವಧಿಯನ್ನೂ ಕೊಟ್ಟರು. ಆದರೂ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಬಿದ್ದರು. ಮೊದಲ ಚುನಾವಣೆಯೇ ಅವರ ಕೈತಪ್ಪಿತು. ನನಗೆ ಇದು ಇಂದಿಗೂ ಕಸಿವಿಸಿ. ಲೆಕ್ಕ ಬಲ್ಲವನಾಗಿ ಸೇನ್ ಮಾಡಿದ್ದು ಸರಿ ಎನ್ನುತ್ತೇನೆ, ಹೆಸರಿಲ್ಲದ ಖಾತೆಗೆ ಹಣ ಕೊಡಲಾದೀತೇ? ಆದರೆ 28 ಲಕ್ಷ ಸಣ್ಣ ಸಂಖ್ಯೆಯಲ್ಲ.

ಅದೇ ಪಟ್ಟಿ ಇನ್ನೊಂದು ಕಡೆ ಉದಾರವಾಗಿತ್ತು. ತಯಾರಿ ಶುರುವಾದದ್ದು 1948ರಲ್ಲೇ, ಸಂವಿಧಾನ ಇನ್ನೂ ಕರಡಿನಲ್ಲಿದ್ದಾಗ. ಆಗ ಸಂವಿಧಾನ ಸಭೆಯ ಸಲಹೆಗಾರರು ದಕ್ಷಿಣ ಕನ್ನಡ ಮೂಲದ ಬೆನಗಲ್ ನರಸಿಂಗ ರಾವ್. ಒಂದೂರಲ್ಲಿ 180 ದಿನ ವಾಸವಿರಬೇಕೆಂಬ ನಿಯಮವಿತ್ತು. ವಿಭಜನೆಯ ನಿರಾಶ್ರಿತರಿಗೆ ಮಾತ್ರ, ಇಲ್ಲೇ ನೆಲೆಸುತ್ತೇನೆ ಎಂದು ಬರೆದುಕೊಟ್ಟರೆ ಸಾಕು, ಹೆಸರು ಸೇರುತ್ತಿತ್ತು.

ನಮ್ಮಂಥ ವಲಸಿಗರ ಕಥೆ? ನಾವು ಎಲ್ಲಿ ವಾಸವಿದ್ದೇವೋ ಅಲ್ಲೇ ಮತ. ಊರಲ್ಲಿ ಮನೆ ಇದೆ ಎಂದ ಮಾತ್ರಕ್ಕೆ ಅಲ್ಲಿಯ ಮತದಾರರಾಗುವುದಿಲ್ಲ, 1950ರ ಪ್ರಜಾಪ್ರಾತಿನಿಧ್ಯ ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ನಾನೋ, ಮುಂಬೈಗೆ ಬಂದು ಹದಿನಾಲ್ಕು ವರ್ಷ ಹೆಸರನ್ನು ಊರಲ್ಲೇ ಬಿಟ್ಟಿದ್ದೆ. ಇಂದಲ್ಲ ನಾಳೆ ವಾಪಸ್ ಹೋಗುವವನಲ್ಲವೇ ಎಂಬ ಭ್ರಮೆ. ಮತ ಹಾಕಲು ಒಮ್ಮೆಯೂ ಹೋಗಲಿಲ್ಲ.

ಕೊನೆಗೆ 2009ರಲ್ಲಿ ಆರನೇ ನಮೂನೆ ತಂದೆ. ನನ್ನದು ತುಂಬಿದೆ, ಹೆಂಡತಿಯದನ್ನೂ ನಾನೇ ತುಂಬಿದೆ. ಅವಳು ಸಹಿ ಹಾಕುವ ಮುಂಚೆ ಕನ್ನಡಕ ಹಾಕಿಕೊಂಡು ಓದಿ, “ನನ್ನ ಹೆಸರಿನ ಸ್ಪೆಲಿಂಗೇ ತಪ್ಪು ಬರೆದಿದ್ದೀರಲ್ರೀ” ಅಂದಳು.