ದಾವಣಗೆರೆ–ಹರಿಹರ ಸೀಮೆಯ ಪ್ರವಾಸೋದ್ಯಮ: ನಿರ್ಮಾಣದಿಂದ ರಕ್ಷಣೆಯೆಡೆಗೆ

ಸರ್ಕಾರವು ಪ್ರವಾಸೋದ್ಯಮವೆಂಬ ಹೆಸರಿನಲ್ಲಿ ಒಂದು ಇಲಾಖೆಯನ್ನು ತೆರೆಯುವುದಕ್ಕೆ ಏಳು ಶತಮಾನಗಳಷ್ಟು ಮುಂಚೆಯೇ, ತುಂಗಭದ್ರೆಯನ್ನು ಹರಿದ್ರೆಯು ಬಂದು ಸೇರುವ ತಾಣದಲ್ಲಿ, ಪೂರ್ವಕಾಲದಲ್ಲಿ ಕೂಡಲೂರೆಂದು ಕರೆಯಿಸಿಕೊಂಡಿದ್ದ ಹರಿಹರ ಕ್ಷೇತ್ರಕ್ಕೆ ನಾಡಿನ ನಾನಾ ದಿಕ್ಕುಗಳಿಂದ ಯಾತ್ರಿಕರು ಬರುತ್ತಿದ್ದರು. ಹೊಯ್ಸಳ ದೊರೆ ಎರಡನೆಯ ವೀರನರಸಿಂಹನ ಮಂತ್ರಿಯೂ ದಂಡನಾಯಕನೂ ಆಗಿದ್ದ ಪೊಲಾಳ್ವನು 1224ರಲ್ಲಿ ಇಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. 1268ರಲ್ಲಿ, ಮೂರನೆಯ ನರಸಿಂಹನ ಕಾಲದಲ್ಲಿ, ಸೋಮನಾಥಪುರದ ಕೇಶವಾಲಯದಿಂದ ಪ್ರಖ್ಯಾತನಾದ ಸೋಮ ದಂಡನಾಯಕನು ಅದಕ್ಕೆ ಇನ್ನಷ್ಟನ್ನು ಸೇರಿಸಿದನು. ಬಲಭಾಗದಲ್ಲಿ ಹರನೂ ಎಡಭಾಗದಲ್ಲಿ ಹರಿಯೂ ಒಂದೇ ವಿಗ್ರಹವಾಗಿ ನಿಂತಿರುವ ಈ ಮೂರ್ತಿಯು ಗುಹಾಸುರನೆಂಬ ದೈತ್ಯನನ್ನು ಸಂಹರಿಸಲೆಂದು ಅವತರಿಸಿತೆಂಬುದು ಸ್ಥಳಪುರಾಣ. ಶೈವರೂ ವೈಷ್ಣವರೂ ಒಂದೇ ಹೊಸ್ತಿಲನ್ನು ದಾಟಿ ಕೈಮುಗಿಯಬಹುದಾದ ಕ್ಷೇತ್ರಗಳು ನಮ್ಮಲ್ಲಿ ಬಹಳವಿಲ್ಲ. ಹರಿಹರವು ಅವುಗಳಲ್ಲಿ ಅಗ್ರಗಣ್ಯವಾದುದು.

ಆ ದೇವಾಲಯದ ಮಂಟಪದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಬೇಕು. ಚರಕಿಗೆ ಹಾಕಿ ತಿರುಗಿಸಿದ ಬಳಪದ ಕಲ್ಲಿನ ಕಂಬಗಳ ಮೇಲೆ ಬಳೆಬಳೆಯಾಗಿ ಇಳಿದಿರುವ ರೇಖೆಗಳು ಇಂದಿಗೂ ಚೂಪಾಗಿವೆ. ಎಷ್ಟೋ ತಲೆಮಾರುಗಳ ಕೈಗಳು ಸವರಿ ಹೋದ ಎತ್ತರದಲ್ಲಿ ಕಲ್ಲು ಕನ್ನಡಿಯಂತೆ ಮಿರುಗುತ್ತದೆ. ಪ್ರಾಕಾರದಲ್ಲಿ ನಿಂತಿರುವ ಶಾಸನಶಿಲೆಗಳಾದರೋ ಕೇವಲ ರಾಜಪ್ರಶಸ್ತಿಗಳಲ್ಲ, ಅವು ಜವಾಬ್ದಾರಿಯ ದಾಖಲೆಗಳು. ಕನ್ನಡ ನಾಡಿನ ದಾನಶಾಸನಗಳಲ್ಲಿ ದೇವರ ಅಂಗಭೋಗ ರಂಗಭೋಗಗಳಿಗೆ ಭೂಮಿಯನ್ನು ಬಿಡುವಾಗಲೇ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೂ, ಎಂದರೆ ಒಡೆದುದನ್ನು ಸರಿಪಡಿಸುವುದಕ್ಕೂ, ಅದೇ ಉತ್ಪತ್ತಿಯಿಂದ ವೆಚ್ಚವಾಗತಕ್ಕದ್ದೆಂದು ವಿಧಿಸುವುದು ವಾಡಿಕೆಯಾಗಿದ್ದಿತು. ಕಟ್ಟುವ ದಿನವೇ ಕಾಪಾಡುವುದಕ್ಕೂ ವೃತ್ತಿಯನ್ನು ಕಲ್ಪಿಸಿಡುತ್ತಿದ್ದ ಈ ಪದ್ಧತಿಯನ್ನು ಅಳತೆಗೋಲಾಗಿಟ್ಟುಕೊಂಡು ಸ್ವತಂತ್ರ ಭಾರತದ ಪ್ರವಾಸನೀತಿಯನ್ನು ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಆಂಗ್ಲರ ಕಾಲದಲ್ಲಿ ಈ ಸೀಮೆಗೆ ದೊರೆತ ಸೌಕರ್ಯಗಳು ಸೇನೆಗಾಗಿಯೂ ವ್ಯಾಪಾರಕ್ಕಾಗಿಯೂ ಬಂದವು. 1865ರವರೆಗೆ ಹರಿಹರದ ಬಳಿ ದೇಶೀ ಪಟಾಲಂ ಒಂದು ನೆಲೆಸಿದ್ದಿತು. 1868ರಲ್ಲಿ ನದಿಗೆ ಹದಿನಾಲ್ಕು ಕಮಾನುಗಳ ಸೇತುವೆಯು ನಿರ್ಮಿತವಾಯಿತು. ದಾವಣಗೆರೆಯಾದರೋ ಹೈದರಾಲಿಯು ಅಪ್ಪೋಜಿ ರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟಂದಿನಿಂದ ವರ್ತಕರ ಊರಾಗಿ ಬೆಳೆಯಿತು. ಪ್ರಾಚೀನ ಸ್ಮಾರಕಗಳ ವಿಷಯದಲ್ಲಿ ಮೈಸೂರು ಸಂಸ್ಥಾನವು ಬಹುಬೇಗ ಎಚ್ಚರಗೊಂಡಿತೆಂದು ಹೇಳಬೇಕು. 1885ರಲ್ಲಿಯೇ ಅಲ್ಲಿ ಪುರಾತತ್ತ್ವ ಇಲಾಖೆಯು ಸ್ಥಾಪಿತವಾಗಿ, ಬಿ. ಎಲ್. ರೈಸ್ ಮಹಾಶಯರ ನೇತೃತ್ವದಲ್ಲಿ ಈ ಭಾಗದ ಶಾಸನಗಳು ಗ್ರಂಥಸ್ಥವಾದವು.

ಅಖಿಲ ಭಾರತ ಮಟ್ಟದಲ್ಲಿ ಪ್ರವಾಸವನ್ನು ಸರ್ಕಾರದ ಕರ್ತವ್ಯವೆಂದು ಪರಿಗಣಿಸಿದ ಮೊದಲ ಪ್ರಯತ್ನವು ಸರ್ ಜಾನ್ ಸಾರ್ಜೆಂಟರ ಅಧ್ಯಕ್ಷತೆಯಲ್ಲಿ 1945ರಲ್ಲಿ ನೇಮಕವಾದ ಸಮಿತಿಯದು. ಅದರ ಶಿಫಾರಸಿನ ಫಲವಾಗಿ 1949ರಲ್ಲಿ ಸಾರಿಗೆ ಸಚಿವಾಲಯದಲ್ಲಿ ಪ್ರವಾಸಿ ಸಂಚಾರ ಶಾಖೆಯೊಂದು ಹುಟ್ಟಿತು. 1958ರಲ್ಲಿ ಪ್ರತ್ಯೇಕ ಇಲಾಖೆಯೂ, 1966ರಲ್ಲಿ ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವೂ, 1967ರಲ್ಲಿ ಪ್ರವಾಸೋದ್ಯಮ ಮತ್ತು ನಾಗರಿಕ ವಿಮಾನಯಾನ ಸಚಿವಾಲಯವೂ ಕ್ರಮವಾಗಿ ಅಸ್ತಿತ್ವಕ್ಕೆ ಬಂದವು. ಈ ಮೊದಲ ಘಟ್ಟದ ಚಿಂತನೆಯೆಲ್ಲವೂ ವಿದೇಶೀ ಪ್ರವಾಸಿಗರನ್ನೂ ಅವರು ತರುವ ವಿನಿಮಯವನ್ನೂ ಅವರು ತಂಗಲು ಬೇಕಾದ ಹೋಟೆಲುಗಳನ್ನೂ ಕುರಿತದ್ದು. ಆಗತಾನೆ ಸ್ವತಂತ್ರವಾಗಿದ್ದ ಬಡ ದೇಶಕ್ಕೆ ವಿನಿಮಯದ ಅಭಾವವು ದೊಡ್ಡ ಬಾಧೆಯಾಗಿದ್ದುದರಿಂದ ಇದನ್ನು ಆಕ್ಷೇಪಿಸಲಾಗದು. ಆದರೆ ಆ ಲೆಕ್ಕದಲ್ಲಿ ಹರಿಹರದಂತಹ ಊರಿಗೆ, ಎಂದರೆ ರೈಲಿನಲ್ಲಿ ಬಂದು ನದಿಯಲ್ಲಿ ಮಿಂದು ದರ್ಶನ ಮಾಡಿ ಬುತ್ತಿ ಬಿಚ್ಚಿ ಉಂಡು ಸಂಜೆಗೆ ಹಿಂದಿರುಗುವ ನಮ್ಮ ಜನರಿಗೆ, ಸ್ಥಾನವಿರಲಿಲ್ಲ.

ರಾಜ್ಯದಲ್ಲಿ 1971ರಲ್ಲಿ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು ಸ್ಥಾಪನೆಗೊಂಡು, 'ಮಯೂರ' ಎಂಬ ಹೆಸರಿನ ಹೋಟೆಲುಗಳ ಮೂಲಕ ಮನೆಮಾತಾಯಿತು. 1980ರಲ್ಲಿ ಜನ್ಮ ತಾಳಿದ ಜಂಗಲ್ ಲಾಡ್ಜಸ್ ಸಂಸ್ಥೆಯು ಕಬಿನಿಯ ದಂಡೆಯಲ್ಲಿ ಕಾಡನ್ನು ಕಡಿಯದೆ, ಕಾಡಿನ ಜೀವವೈಭವವನ್ನೇ ಬಂಡವಾಳವಾಗಿಟ್ಟುಕೊಂಡು ಅತಿಥಿಗಳನ್ನು ಆಹ್ವಾನಿಸಬಹುದೆಂಬುದನ್ನು ತೋರಿಸಿಕೊಟ್ಟಿತು. ಸುಸ್ಥಿರತೆಯೆಂಬ ಪದವು ಸರ್ಕಾರೀ ಕಡತಗಳಿಗೆ ಇನ್ನೂ ಬಾರದಿದ್ದ ಆ ಕಾಲದಲ್ಲಿ ಇದು ಸಾಮಾನ್ಯ ಸಾಧನೆಯಲ್ಲ. 1982ರ ಪ್ರಥಮ ರಾಷ್ಟ್ರೀಯ ಪ್ರವಾಸೋದ್ಯಮ ನೀತಿಯು ಒಂದೊಂದು ಸ್ಥಳವನ್ನು ಪ್ರತ್ಯೇಕವಾಗಿ ನೋಡುವ ಬದಲು ಹಲವು ಸ್ಥಳಗಳನ್ನು ಪೋಣಿಸಿದ ಪ್ರವಾಸ ವರ್ತುಲಗಳ ಕಲ್ಪನೆಯನ್ನು ಮುಂದಿಟ್ಟಿತು. ಅದರ ವಿಷಯವನ್ನು ಮುಂದೆ ಪ್ರಸ್ತಾಪಿಸುತ್ತೇನೆ.

ಸುಸ್ಥಿರ ಅಭಿವೃದ್ಧಿಯನ್ನು ಕುರಿತ 1987ರ ಬ್ರಂಟ್‌ಲೆಂಡ್ ವರದಿ, 1992ರ ರಿಯೊ ಸಮಾವೇಶ ಇವುಗಳ ತರುವಾಯ ಜಗತ್ತಿನ ಭಾಷೆಯು ಬದಲಾಯಿತು. ಭಾರತದ ಭಾಷೆಯೂ ಅದರೊಂದಿಗೆ ಬದಲಾಯಿತು. 1998ರಲ್ಲಿ ಕೇಂದ್ರವು ಪರಿಸರ ಪ್ರವಾಸದ ನೀತಿ ನಿರ್ದೇಶನಗಳನ್ನು ಪ್ರಕಟಿಸಿತು. 2002ರ ರಾಷ್ಟ್ರೀಯ ನೀತಿಯು ಸ್ವಾಗತ, ಸೂಚನಾ, ಸುವಿಧಾ, ಸುರಕ್ಷಾ, ಸಹಯೋಗ, ಸಂರಚನಾ, ಸಫಾಯಿ ಎಂಬ ಏಳು ಸಕಾರಗಳನ್ನು ಸಾರಿತು. ನಮ್ಮ ನದೀತೀರಗಳ ಸ್ಥಿತಿಯನ್ನು ಕಂಡವರು ಕೊನೆಯದನ್ನೇ ಮೊದಲಿಗೆ ಇಡಬೇಕಾಗಿತ್ತೆಂದು ಹೇಳಿಯಾರು. 2014ರಲ್ಲಿ ಸುಸ್ಥಿರ ಪ್ರವಾಸೋದ್ಯಮದ ಮಾನದಂಡಗಳೂ, ಅದರ ಹಿಂದೆಯೇ 'ಸ್ವದೇಶ ದರ್ಶನ' ಮತ್ತು 'ಪ್ರಸಾದ್' ಯೋಜನೆಗಳೂ, 2022ರಲ್ಲಿ ಏಳು ಸ್ತಂಭಗಳ ಸುಸ್ಥಿರ ಪ್ರವಾಸೋದ್ಯಮ ಕಾರ್ಯತಂತ್ರವೂ ಬಂದವು. 'ಸ್ವದೇಶ ದರ್ಶನ'ದ ಎರಡನೆಯ ಆವೃತ್ತಿಗೆ ಕರ್ನಾಟಕದಿಂದ ಆಯ್ಕೆಯಾದವು ಹಂಪಿ ಮತ್ತು ಮೈಸೂರು. ಎರಡೂ ಯೋಗ್ಯವಾದ ಸ್ಥಳಗಳೇ. ಆದರೆ ಈಗಾಗಲೇ ಜನಭರಿತವಾದ ಸ್ಥಳಗಳಿಗೆ ಇನ್ನಷ್ಟು ಜನರನ್ನು ಕರೆಯುವುದಕ್ಕಿಂತ, ಆ ಭಾರವನ್ನು ಸುತ್ತಲಿನ ನಾಡಿನ ಮೇಲೆ ಹಗುರವಾಗಿ ಹಂಚುವುದೇ ಸುಸ್ಥಿರತೆಯ ಮೊದಲ ಪಾಠವಾಗಬೇಕಾಗಿದ್ದಿತು.

ಈ ದೃಷ್ಟಿಯಿಂದ ನೋಡಿದರೆ ದಾವಣಗೆರೆ ಜಿಲ್ಲೆಯು ಬಹು ವಿಶೇಷವಾದುದು. 1997ರ ಆಗಸ್ಟ್ 15ರಂದು ಚಿತ್ರದುರ್ಗದಿಂದ ಬೇರ್ಪಟ್ಟು, ಶಿವಮೊಗ್ಗ ಬಳ್ಳಾರಿಗಳಿಂದಲೂ ತಾಲ್ಲೂಕುಗಳನ್ನು ಪಡೆದು ರೂಪುಗೊಂಡ ಈ ಜಿಲ್ಲೆಗೆ, 2018ರಲ್ಲಿ ಹರಪನಹಳ್ಳಿಯು ಬಳ್ಳಾರಿಗೆ ಮರಳಿದಾಗ ಬಾಗಳಿಯ ಕಲ್ಲೇಶ್ವರನು ತಪ್ಪಿಹೋದನು. ಉಳಿದುದಾದರೂ ಸ್ವಲ್ಪವಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಅಥವಾ ಶಾಂತಿಸಾಗರವನ್ನು ಹಳೆಯ ಗ್ಯಾಸೆಟಿಯರು ಸುತ್ತಳತೆಯಲ್ಲಿ ನಾಲ್ವತ್ತು ಮೈಲಿಗಳ ಕೆರೆಯೆಂದು ವರ್ಣಿಸುತ್ತದೆ. ಎರಡು ಗುಡ್ಡಗಳ ನಡುವಣ ಕಿರಿದಾದ ಕಣಿವೆಗೆ ಅಡ್ಡಲಾಗಿ ಹಾಕಿದ ಏರಿಯೊಂದು ಶತಮಾನಗಳ ಪ್ರವಾಹವನ್ನು ತಡೆದು ನಿಂತಿದೆ. ಅದರ ಕೋಡಿಯ ನೀರೇ ಹರಿದ್ರೆಯಾಗಿ ಹರಿದು ಹರಿಹರದಲ್ಲಿ ತುಂಗಭದ್ರೆಯನ್ನು ಸೇರುವುದು. ಅದೇ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಕೆಂಗ ಹನುಮಪ್ಪ ನಾಯಕನು ಕಟ್ಟಿಸಿದ ಪುಷ್ಕರಿಣಿಯಿದೆ: ನಾಲ್ಕು ಕಡೆಗಳಿಂದಲೂ ಇಳಿದುಬರುವ ಕಲ್ಲಿನ ಮೆಟ್ಟಿಲುಗಳು, ನೀರಿನ ನಟ್ಟನಡುವೆ ಶಿಖರವುಳ್ಳ ವಸಂತಮಂಟಪ, ದಂಡೆಯ ಮೇಲೆ ಬಿಜಾಪುರದ ಸೇನಾನಿ ರಣದುಲ್ಲಾಖಾನನ ಕಾಲದ ಮುಸಾಫಿರಖಾನೆ.

ಮೇಲೆ ಹೇಳಿದ ವರ್ತುಲದ ಕಲ್ಪನೆಗೆ ಇದಕ್ಕಿಂತ ಸಹಜವಾದ ಉದಾಹರಣೆ ಎಲ್ಲಿದೆ? ಸೂಳೆಕೆರೆಯಿಂದ ಹರಿದ್ರೆಯ ಜಾಡು ಹಿಡಿದು ಹರಿಹರದವರೆಗೆ ನೀರೇ ಮಾರ್ಗವನ್ನು ಎಳೆದಿಟ್ಟಿದೆ. ಸಂತೇಬೆನ್ನೂರು ಅದರ ಮಗ್ಗುಲಲ್ಲಿಯೇ ಇದೆ. ಆದರೆ ಸರ್ಕಾರವು ಈ ಒಂದು ಜಾಡನ್ನು ಹಲವು ಕಚೇರಿಗಳಿಗೆ ಹಂಚಿಕೊಟ್ಟಿದೆ. ಕೆರೆಯು ನೀರಾವರಿಯವರದು, ದೇವಾಲಯವೂ ಪುಷ್ಕರಿಣಿಯೂ ಕೇಂದ್ರದ ಪುರಾತತ್ತ್ವ ಸರ್ವೇಕ್ಷಣೆಯವು, ಊರ ಚರಂಡಿಯು ನಗರಸಭೆಯದು, ನದಿಯ ಗುಣಮಟ್ಟವು ಮಾಲಿನ್ಯ ನಿಯಂತ್ರಣ ಮಂಡಳಿಯದು. ಪ್ರವಾಸೋದ್ಯಮ ಇಲಾಖೆಯ ಪಾಲಿಗೆ ಉಳಿಯುವುದು ನಾಮಫಲಕ, ಯಾತ್ರಿನಿವಾಸ ಮತ್ತು ಕಾಂಕ್ರೀಟಿನ ಕಮಾನು. ಸೂಳೆಕೆರೆಯ ಗಡಿಯನ್ನು ಅಳೆದು ಒತ್ತುವರಿಯನ್ನು ತೆರವು ಮಾಡಿರೆಂದು ವರ್ಷಗಟ್ಟಲೆ ಒತ್ತಾಯಿಸಿದವರು ಇಲಾಖೆಯವರಲ್ಲ, ಖಡ್ಗವೆಂಬ ಸಂಘದ ತರುಣರು. ದೋಣಿವಿಹಾರಕ್ಕಿಂತ ಮೊದಲು ಕೆರೆಗೆ ಅದರ ಎಲ್ಲೆಕಲ್ಲು ಬೇಕೆಂಬ ವಿವೇಕವನ್ನು ಆ ತರುಣರು ತೋರಿದರು.

ಹರಿಹರದ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ. ದೇವಾಲಯವನ್ನು ಸುತ್ತಿಕೊಂಡು ತಲತಲಾಂತರದಿಂದ ಬಾಳುತ್ತಿರುವ ಹಳೆಯ ಊರಿನ ಮನೆಯವರಿಗೆ ಹೊಸ ಗೋಡೆ ಎಬ್ಬಿಸುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಕಾನೂನು ನ್ಯಾಯವಾದುದೇ, ಅದಿಲ್ಲದಿದ್ದರೆ ಆ ಶಿಖರವು ಇಷ್ಟರೊಳಗೆ ಬಹುಮಹಡಿಗಳ ಮರೆಯಲ್ಲಿ ಅಡಗಿಹೋಗುತ್ತಿದ್ದಿತು. ಆದರೆ ಸ್ಮಾರಕದ ರಕ್ಷಣೆಯ ಹೊರೆಯನ್ನು ನೆರೆಯವರು ಹೊರುತ್ತಿರುವಾಗ, ಅದರಿಂದ ಬರುವ ಲಾಭದಲ್ಲಿ ಅವರಿಗೆ ಪಾಲು ಬೇಡವೆ? ಅವರ ಜಗುಲಿಗಳನ್ನೇ ಅತಿಥಿಗೃಹಗಳನ್ನಾಗಿಯೂ, ಅವರ ಮಕ್ಕಳನ್ನೇ ಶಾಸನವನ್ನು ಓದಿ ಹೇಳಬಲ್ಲ ಮಾರ್ಗದರ್ಶಿಗಳನ್ನಾಗಿಯೂ ಸಿದ್ಧಗೊಳಿಸುವುದು ಒಂದು ಯಾತ್ರಿನಿವಾಸವನ್ನು ಕಟ್ಟುವುದಕ್ಕಿಂತ ಅಲ್ಪವ್ಯಯದ ಕಾರ್ಯ.

ನದಿಯ ಮಾತು ಬಂದಾಗ ಹೃದಯ ಭಾರವಾಗುತ್ತದೆ. ಆಚೆ ದಡದ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ತಲೆಯೆತ್ತಿದ ನಾರು ಕಾರ್ಖಾನೆಗಳ ತ್ಯಾಜ್ಯದಿಂದ ಮೀನುಗಳು ಸತ್ತು ತೇಲಿದುದನ್ನು ಕಂಡು, 1980ರ ದಶಕದಲ್ಲಿ ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವು ಹೂಡಿದ ಹೋರಾಟವು ರಾಷ್ಟ್ರದ ಪರಿಸರ ಚಳವಳಿಯ ಇತಿಹಾಸದಲ್ಲಿ ದಾಖಲಾಗಿದೆ. ಮುಂದೆ ದಾವಣಗೆರೆ ಹರಿಹರಗಳೆರಡೂ ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆಗೆ ಸೇರಿದವು. ಆದಾಗ್ಯೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಗುರುತಿಸಿದ ಕಲುಷಿತ ನದೀಭಾಗಗಳಲ್ಲಿ ಹರಿಹರದಿಂದ ಕೆಳಗಿನ ತುಂಗಭದ್ರೆಯೂ ಇದ್ದಿತು. ಇಂತಹ ದಂಡೆಯ ಮೇಲೆ, ಗಂಗಾರತಿಯ ಮಾದರಿಯಲ್ಲಿ ತುಂಗಾರತಿಗಾಗಿ 108 ಮಂಟಪಗಳ ನಿರ್ಮಾಣಕ್ಕೆ 2022ರಲ್ಲಿ ಶಂಕುಸ್ಥಾಪನೆಯಾಯಿತು. ನದಿಯನ್ನು ತಾಯಿಯೆಂದು ಪೂಜಿಸುವ ಭಾವವನ್ನು ನಾನು ಗೌರವಿಸುತ್ತೇನೆ. ಆ ಭಾವವೇ ಆಕೆಯನ್ನು ಶುಚಿಗೊಳಿಸುವ ಸಂಕಲ್ಪವಾಗಿಯೂ ಬೆಳೆಯಬೇಕೆಂದು ಹಂಬಲಿಸುತ್ತೇನೆ.

ದಾವಣಗೆರೆ ನಗರವು 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಇಪ್ಪತ್ತು ನಗರಗಳ ಪಟ್ಟಿಯಲ್ಲಿ ಸ್ಥಾನ ಪಡೆಯಿತು. ಕುಂದುವಾಡ ಕೆರೆಯ ಬಳಿ ಲಾಲ್‌ಬಾಗನ್ನು ನೆನಪಿಸುವ ಗಾಜಿನ ಮನೆಯು ಎದ್ದಿದೆ. ಸಂಜೆ ಹೊತ್ತು ಮಕ್ಕಳು ಮರಿಗಳೊಡನೆ ಜನ ನೆರೆಯುತ್ತಾರೆ. ಆದರೆ ಕೆರೆಯು ಊರಿಗೆ ಕುಡಿಯುವ ನೀರು. ಹಕ್ಕಿಗಳಿಗೆ ಅದು ಮನೆ. ಅದರ ಅಂಚನ್ನು ಕಲ್ಲುಕಟ್ಟಡದಿಂದ ಬಿಗಿದಷ್ಟೂ ನೀರಹಕ್ಕಿಗಳಿಗೆ ಕಾಲೂರಲು ಕೆಸರೂ ಜೊಂಡೂ ಇಲ್ಲವಾಗುತ್ತವೆ. ಈ ನಗರಕ್ಕೆ ಹೊರಗಿನವರನ್ನು ಎಳೆತರುವ ನಿಜವಾದ ಆಕರ್ಷಣೆಯಾದರೋ ಯಾವ ಇಲಾಖೆಯೂ ರೂಪಿಸಿದ್ದಲ್ಲ. ಕೆಂಡದ ಒಲೆಯ ಕಾವಲಿಯ ಮೇಲೆ ಬೆಣ್ಣೆ ಕರಗಿ ಅಂಚು ಕೆಂಪಗಾಗುವ ದೋಸೆಯೂ, ಸಂಜೆಯ ಮಂಡಕ್ಕಿ–ಮೆಣಸಿನಕಾಯಿಯೂ ಜನರೇ ಬೆಳೆಸಿದ ಕೀರ್ತಿ. ಆ ಮಂಡಕ್ಕಿಯನ್ನು ಹುರಿಯುವ ಭಟ್ಟಿಗಳಲ್ಲಿ ಹಳೆಯ ಟೈರುಗಳನ್ನು ಉರಿಸುತ್ತಿದ್ದುದರಿಂದ ಏಳುತ್ತಿದ್ದ ಕಪ್ಪು ಹೊಗೆಯಲ್ಲಿ ಅಲ್ಲಿನ ಕುಟುಂಬಗಳು ಉಸಿರಾಡಿಕೊಂಡು ಬಂದಿವೆ. ಮಂಡಕ್ಕಿ ಭಟ್ಟಿ ಪ್ರದೇಶದ ಸುಧಾರಣೆಯನ್ನು ಸ್ಮಾರ್ಟ್ ಸಿಟಿಯ ಪ್ರಸ್ತಾವದಲ್ಲಿ ಸೇರಿಸಿದವರ ವಿವೇಕವನ್ನು ಮೆಚ್ಚಬೇಕು. ಅತಿಥಿಯ ತಟ್ಟೆಗೆ ಬರುವ ತಿಂಡಿಯು ಮಾಡಿದವರ ಶ್ವಾಸಕೋಶವನ್ನು ಸುಡಬಾರದು.

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ, ನಾಲ್ಕು ಕೊಂಬುಗಳ ಕೊಂಡುಕುರಿಗಾಗಿ 2011ರಲ್ಲಿ ಘೋಷಿತವಾದ ಸುಮಾರು 77 ಚದರ ಕಿಲೊಮೀಟರುಗಳ ಅಭಯಾರಣ್ಯವಿದೆ. ಅತ್ಯಂತ ಸಂಕೋಚದ ಪ್ರಾಣಿಯಾದ ಅದನ್ನು ನೋಡುವುದಕ್ಕೆ ಜೀಪುಗಳ ಸಾಲು ಹೋಗದಿರುವುದೇ ಲೇಸು. ಕೆಲವು ಸ್ಥಳಗಳನ್ನು ಪ್ರವಾಸದ ಭೂಪಟದಿಂದ ಹೊರಗೇ ಇರಿಸುವುದೂ ಪ್ರವಾಸನೀತಿಯ ಭಾಗವೇ ಆಗಿದೆ.

ಎಂಟು ದಶಕಗಳ ಈ ಹಾದಿಯಲ್ಲಿ ನೀತಿಯ ಭಾಷೆಯು ಪ್ರಬುದ್ಧವಾಗಿದೆ, ಅನುದಾನದ ಅಭ್ಯಾಸವು ಆಗಿಲ್ಲ. ಹೊಸದನ್ನು ಕಟ್ಟಲು ಮಂಜೂರಾತಿ ಸುಲಭವಾಗಿ ದೊರೆಯುತ್ತದೆ. ಕಟ್ಟಿದುದನ್ನು ಹತ್ತು ವರ್ಷ ಗುಡಿಸಿ, ಸುಣ್ಣ ಬಳಿದು, ಬೀಗ ತೆಗೆದು ಇಡುವುದಕ್ಕೆ ಬೇಕಾದ ಸಣ್ಣ ಮೊತ್ತಕ್ಕೆ ಯಾರೂ ಹೊಣೆಯಲ್ಲ. ಆದುದರಿಂದ ದಾವಣಗೆರೆ ಜಿಲ್ಲೆಯ ಮುಂದಿನ ಪ್ರವಾಸೋದ್ಯಮ ಕ್ರಿಯಾಯೋಜನೆಯಲ್ಲಿ ಪ್ರತಿಯೊಂದು ನಿರ್ಮಾಣದ ಜೊತೆಗೂ ಅದರ ಪಾಲನೆಯ ನಿಧಿಯನ್ನು ಕಡ್ಡಾಯವಾಗಿ ಕಾದಿರಿಸಬೇಕು. ಎರಡು ನಗರಗಳ ಕೊಳಚೆ ನೀರು ಶುದ್ಧಿಯಾಗದೆ ಹರಿದ್ರೆಗಾಗಲಿ ತುಂಗಭದ್ರೆಗಾಗಲಿ ಸೇರದಂತೆ ಮಾಡುವ ಕೆಲಸವನ್ನೇ ಆ ಯೋಜನೆಯ ಮೊದಲ ಬಾಬತ್ತಾಗಿ ನಮೂದಿಸಬೇಕು. ಜಿಲ್ಲೆಯ ಜನಪ್ರತಿನಿಧಿಗಳೂ ಅಧಿಕಾರಿಗಳೂ ಈ ಎರಡು ಬೇಡಿಕೆಗಳನ್ನು ದಯವಿಟ್ಟು ಪರಿಶೀಲಿಸಬೇಕು. ಹರಿಹರದ ನಾಗರಿಕರು ವಾರ್ಡು ಸಭೆಗಳಲ್ಲಿ ಇವನ್ನು ಬಿಡದೆ ಕೇಳಬೇಕು.