ಕ್ಷಯ ಸೋಂಕಿನಲ್ಲಿ ಟಿ ಕೋಶಗಳು: ಗುರುತಿಗೂ ರಕ್ಷಣೆಗೂ ನಡುವಿನ ಅಂತರ

ಮಾಂಟೂ ಪರೀಕ್ಷೆಯಲ್ಲಿ ಮುಂದೋಳಿನ ಒಳಮಗ್ಗುಲಿಗೆ, ಚರ್ಮದ ಪದರದಲ್ಲೇ ನಿಲ್ಲುವಂತೆ, 0.1 ಮಿಲಿಲೀಟರ್ ಟ್ಯೂಬರ್ಕ್ಯುಲಿನ್ ಚುಚ್ಚುತ್ತಾರೆ. 48ರಿಂದ 72 ಗಂಟೆ ಕಳೆದ ಮೇಲೆ ನೋಡುವವರು ಅಲ್ಲಿನ ಕೆಂಪನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆರಳ ತುದಿಯಿಂದ ಸವರಿ, ಗಟ್ಟಿಯಾದ ಭಾಗದ ಅಂಚು ಹುಡುಕಿ, ತೋಳಿಗೆ ಅಡ್ಡಲಾಗಿ ಅದರ ಅಗಲವನ್ನು ಮಿಲಿಮೀಟರಿನಲ್ಲಿ ಬರೆದುಕೊಳ್ಳುತ್ತಾರೆ. ಆ ಗಡಸು ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳ ಕೆಲಸ. ಕ್ಷಯಾಣುವಿನ ಪ್ರೋಟೀನನ್ನು ಹಿಂದೆ ಕಂಡಿದ್ದ ಟಿ ಕೋಶಗಳು ರಕ್ತದಿಂದ ಹೊರಬಂದು, ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳನ್ನೂ ಕರೆಸಿಕೊಂಡು ಅಲ್ಲಿ ಜಮಾಯಿಸಲು ಎರಡು ದಿನ ಹಿಡಿಯುತ್ತದೆ. ಸೋಂಕಿನಿಂದಲೋ ಬಿಸಿಜಿ ಲಸಿಕೆಯಿಂದಲೋ ದೇಹಕ್ಕೆ ಈ ಪ್ರೋಟೀನಿನ ಪರಿಚಯವಾಗಿದೆ ಎಂಬುದಷ್ಟೇ ಇದರಿಂದ ತಿಳಿಯುತ್ತದೆ. ಮುಂದೆ ಆ ವ್ಯಕ್ತಿಗೆ ಕ್ಷಯ ಬಾರದು ಎಂಬ ಭರವಸೆ ಇದರಲ್ಲಿಲ್ಲ. ಈ ಟಿಪ್ಪಣಿ ಆ ಅಂತರದ ಕುರಿತು.

ಮೊದಲ ತೊಡಕು ತಡ. ಉಸಿರಿನೊಂದಿಗೆ ಶ್ವಾಸಕೋಶದ ಗಾಳಿಗೂಡು ಸೇರಿದ ಕ್ಷಯಾಣುವನ್ನು ಅಲ್ಲಿನ ಮ್ಯಾಕ್ರೊಫೇಜ್ ನುಂಗುತ್ತದೆ. ಆದರೆ ನುಂಗಿದ್ದನ್ನು ಅರಗಿಸುವ ಹಂತವನ್ನೇ ಕ್ಷಯಾಣು ತಡೆದು, ಅದೇ ಕೋಶದೊಳಗೆ ಬೆಳೆಯುತ್ತದೆ. ಟಿ ಕೋಶಗಳು ಎಚ್ಚೆತ್ತುಕೊಳ್ಳಬೇಕಾದರೆ ಅದರ ತುಣುಕುಗಳು ಸಮೀಪದ ದುಗ್ಧಗ್ರಂಥಿಗೆ ತಲುಪಬೇಕು. ಇಲಿಗಳಲ್ಲಿ ಇದಕ್ಕೆ ಸುಮಾರು ಎಂಟೊಂಬತ್ತು ದಿನ ಬೇಕು. ತಯಾರಾದ ಟಿ ಕೋಶಗಳು ಶ್ವಾಸಕೋಶಕ್ಕೆ ಮರಳುವಷ್ಟರಲ್ಲಿ ಎರಡು ಮೂರು ವಾರ ಕಳೆದಿರುತ್ತದೆ. ಮನುಷ್ಯರಲ್ಲಿ ಟ್ಯೂಬರ್ಕ್ಯುಲಿನ್ ಪರೀಕ್ಷೆ ಧನಾತ್ಮಕವಾಗುವುದು ಸೋಂಕು ತಗುಲಿದ ಮೂರರಿಂದ ಎಂಟು ವಾರಗಳ ನಂತರ. ಅಷ್ಟರಲ್ಲಿ ಕ್ಷಯಾಣು ನೆಲೆಯೂರಿರುತ್ತದೆ.

ತಡವಾದರೂ ಟಿ ಕೋಶಗಳಿಲ್ಲದೆ ಗತಿಯಿಲ್ಲ. ಸಿಡಿ4 ಎಂಬ ಬಗೆಯ ಟಿ ಕೋಶಗಳು ಸುರಿಸುವ ಇಂಟರ್‌ಫೆರಾನ್ ಗ್ಯಾಮಾ ಎಂಬ ಸಂಕೇತ ಪ್ರೋಟೀನ್ ಮ್ಯಾಕ್ರೊಫೇಜ್‌ಗೆ ಕೊಲ್ಲುವ ಶಕ್ತಿ ಕೊಡುತ್ತದೆ. ಈ ವಸ್ತುವಿನ ಜೀನ್ ಕಳೆದುಕೊಂಡ ಇಲಿಗಳು ಕ್ಷಯಕ್ಕೆ ಬೇಗ ಬಲಿಯಾಗುತ್ತವೆ ಎಂದು 1993ರಲ್ಲಿ ಎರಡು ಪ್ರಯೋಗಾಲಯಗಳು ತೋರಿಸಿದವು. ಇದರ ಗ್ರಾಹಕದಲ್ಲೇ ಹುಟ್ಟಿನಿಂದ ದೋಷವಿರುವ ಮಕ್ಕಳಿಗೆ ನಿರಪಾಯ ಎನಿಸಿದ ಮೈಕೋಬ್ಯಾಕ್ಟೀರಿಯಾಗಳೂ, ಬಿಸಿಜಿಯೂ ಮಾರಕವಾಗಬಲ್ಲವು ಎಂಬುದು 1996ರಲ್ಲಿ ಗೊತ್ತಾಯಿತು. ಎಚ್‌ಐವಿ ಸೋಂಕಿತರಲ್ಲಿ ಕ್ಷಯ ಅಷ್ಟೊಂದು ಹೆಚ್ಚಿರುವುದಕ್ಕೆ ಸಿಡಿ4 ಕೋಶಗಳ ನಾಶವೇ ಮುಖ್ಯ ಕಾರಣ.

ಹಾಗಿದ್ದರೆ ಇಂಟರ್‌ಫೆರಾನ್ ಗ್ಯಾಮಾ ಹೆಚ್ಚಿದಷ್ಟೂ ಒಳ್ಳೆಯದೇ? ಬಹುಕಾಲ ಲಸಿಕೆ ಸಂಶೋಧನೆ ಹೀಗೆಯೇ ಎಣಿಸಿತು. ಎಂವಿಎ85ಎ ಲಸಿಕೆಯ ಫಲಿತಾಂಶ ಈ ಎಣಿಕೆಗೆ ಬಿದ್ದ ದೊಡ್ಡ ಪೆಟ್ಟು. ದಕ್ಷಿಣ ಆಫ್ರಿಕಾದ ಸುಮಾರು 2,800 ಶಿಶುಗಳ ಮೇಲೆ ನಡೆದ ಪ್ರಯೋಗದಲ್ಲಿ ಅದು ಟಿ ಕೋಶಗಳನ್ನು ಎಚ್ಚರಿಸಿತು, ಆದರೆ ಬಿಸಿಜಿ ಕೊಟ್ಟದ್ದಕ್ಕಿಂತ ಹೆಚ್ಚಿನ ರಕ್ಷಣೆ ಕೊಡಲಿಲ್ಲ. 2013ರಲ್ಲಿ ಅದು ಪ್ರಕಟವಾಯಿತು. ಇನ್ನೊಂದು ಕಡೆಯ ಸಾಕ್ಷ್ಯ ಇದಕ್ಕಿಂತ ಗಂಭೀರ. ಟಿ ಕೋಶದ ಆವೇಶವನ್ನು ತಗ್ಗಿಸುವ ಪಿಡಿ-1 ಎಂಬ ಪ್ರೋಟೀನ್ ಇಲ್ಲದ ಇಲಿಗಳು ಕ್ಷಯವನ್ನು ಮೆಟ್ಟಿ ನಿಲ್ಲಲಿಲ್ಲ, ಬದಲಿಗೆ ಬೇಗನೆ ಸತ್ತವು. ಇದೇ ಪಿಡಿ-1 ಅನ್ನು ತಡೆಯುವ ಔಷಧ ಪಡೆದ ಕ್ಯಾನ್ಸರ್ ರೋಗಿಗಳಲ್ಲಿ ಕ್ಷಯ ಕೆರಳಿದ ವರದಿಗಳೂ ಇವೆ. ಹದ ಮೀರಿದ ಟಿ ಕೋಶ ಶ್ವಾಸಕೋಶವನ್ನೇ ಕೆಡಿಸುತ್ತದೆ.

ಜಾಗದ ಪ್ರಶ್ನೆಯೂ ಇದೆ. ಸೋಂಕಿನ ಸುತ್ತ ಕೋಶಗಳು ಕೂಡಿ ಕಟ್ಟುವ ಗಂಟಿನ, ಅಂದರೆ ಗ್ರ್ಯಾನ್ಯುಲೋಮದ, ನಡುವೆ ಸೋಂಕಿತ ಮ್ಯಾಕ್ರೊಫೇಜ್‌ಗಳಿದ್ದರೆ ಟಿ ಕೋಶಗಳಲ್ಲಿ ಹೆಚ್ಚಿನವು ಹೊರ ಅಂಚಿನಲ್ಲೇ ಉಳಿಯುತ್ತವೆ. ಇಲಿಗಳಲ್ಲಂತೂ ತುಂಬ ಪಳಗಿದಂತೆ ಕಾಣುವ ಕೆಲವು ಟಿ ಕೋಶಗಳು ಶ್ವಾಸಕೋಶದ ರಕ್ತನಾಳ ದಾಟಿ ಅಂಗಾಂಶಕ್ಕೆ ಇಳಿಯುವುದೇ ಇಲ್ಲ. ರಕ್ತದ ಮಾದರಿಯಲ್ಲಿ ನಾವು ಎಣಿಸುವುದು ಇಂಥವನ್ನೂ ಸೇರಿಸಿಯೇ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು 2010ರಲ್ಲಿ ಇನ್ಯಾಕಿ ಕೋಮಾಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಜಗತ್ತಿನ ಬೇರೆ ಬೇರೆ ಭಾಗಗಳ 21 ಕ್ಷಯಾಣು ತಳಿಗಳ ಜೀನೋಮ್ ಹೋಲಿಸಿ, ಮನುಷ್ಯರ ಟಿ ಕೋಶಗಳು ಗುರುತಿಸುವ 491 ತುಣುಕುಗಳನ್ನು ಅವರು ಪರಿಶೀಲಿಸಿದರು. ಇನ್‌ಫ್ಲುಯೆಂಜಾದಂಥ ವೈರಸ್ ನಮ್ಮ ಕಣ್ಣು ತಪ್ಪಿಸಲು ತನ್ನ ಗುರುತುಗಳನ್ನು ಬದಲಿಸುತ್ತಲೇ ಇರುತ್ತದೆ. ಕ್ಷಯಾಣುವಿನಲ್ಲಿ ಕಂಡದ್ದು ತದ್ವಿರುದ್ಧ: ಆ ತುಣುಕುಗಳಲ್ಲಿ ಬಹುಪಾಲು ಎಲ್ಲ ತಳಿಗಳಲ್ಲೂ ಒಂದೇ ತೆರನಾಗಿದ್ದವು. ಟಿ ಕೋಶ ತನ್ನನ್ನು ಗುರುತಿಸುವುದರಿಂದ ಕ್ಷಯಾಣುವಿಗೆ ಲಾಭವಿರಬಹುದು ಎಂಬುದು ಲೇಖಕರ ಊಹೆ. ನನಗೂ ಅದು ಒಪ್ಪಬಹುದಾದದ್ದು ಎನಿಸುತ್ತದೆ. ಟಿ ಕೋಶಗಳ ಉರಿಯೂತವೇ ಶ್ವಾಸಕೋಶದಲ್ಲಿ ಕುಳಿ ಕೊರೆಯಲು ನೆರವಾಗುತ್ತದೆ. ಕುಳಿ ಶ್ವಾಸನಾಳಕ್ಕೆ ಬಾಯಿ ತೆರೆದರೆ ಕೆಮ್ಮಿನೊಂದಿಗೆ ಕ್ಷಯಾಣು ಇನ್ನೊಬ್ಬರಿಗೆ ದಾಟುತ್ತದೆ. ಸಿಡಿ4 ಕೋಶ ತೀರಾ ಕುಸಿದ ಎಚ್‌ಐವಿ ರೋಗಿಗಳಲ್ಲಿ ಕುಳಿಗಳು ವಿರಳ ಎಂಬುದು ಇದಕ್ಕೆ ಹೊಂದುತ್ತದೆ. ಆದರೂ ಇದಿನ್ನೂ ಊಹೆಯೇ, ಸಿದ್ಧಾಂತವಲ್ಲ.

ಇಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಹಳೆಯ ಸಮೀಕ್ಷೆಯೊಂದನ್ನು ನೆನೆಯಬೇಕು. 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆದ, 1974ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಕಫದಲ್ಲಿ ಕ್ಷಯಾಣು ಕಂಡಿದ್ದವರಲ್ಲಿ ಐದು ವರ್ಷದೊಳಗೆ ಸುಮಾರು ಅರ್ಧದಷ್ಟು ಮಂದಿ ತೀರಿಕೊಂಡರು. ಸುಮಾರು ಮೂರನೆಯ ಒಂದು ಭಾಗದವರ ಕಫ ತಾನಾಗಿ ಶುದ್ಧವಾಯಿತು. ಒಂದೇ ನೆಲದ, ಒಂದೇ ರೋಗದ ಜನರಲ್ಲಿ ಇಷ್ಟು ವ್ಯತ್ಯಾಸ. ಅರ್ಧದಷ್ಟು ಜನರ ಸಾವನ್ನು ಬರೆದಿಟ್ಟ ಆ ಸಾಲನ್ನು ಬರಿಯ ಅಂಕಿಯಾಗಿ ಓದಲು ನನ್ನಿಂದಾಗುವುದಿಲ್ಲ. ಬದುಕಿದವರ ಟಿ ಕೋಶಗಳಲ್ಲಿ ಏನು ಭಿನ್ನವಿತ್ತು ಎಂದು ಕೇಳುವ ಸಾಧನಗಳು ಆಗ ಇರಲಿಲ್ಲ, ಈಗ ಇವೆ.

1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟು ಪ್ರದೇಶದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡು ಆರಂಭವಾದ ಬಿಸಿಜಿ ಪ್ರಯೋಗ ವಯಸ್ಕರ ಶ್ವಾಸಕೋಶದ ಕ್ಷಯದ ವಿರುದ್ಧ ರಕ್ಷಣೆ ತೋರಲಿಲ್ಲ. ಮಣ್ಣು ನೀರಿನ ಮೈಕೋಬ್ಯಾಕ್ಟೀರಿಯಾಗಳಿಂದ ಅಲ್ಲಿನವರ ಟಿ ಕೋಶಗಳು ಮೊದಲೇ ಪಳಗಿದ್ದವು ಎಂಬುದು ಬಲವಾದ ಒಂದು ವಿವರಣೆ. ಅದೇ ಬಿಸಿಜಿಯನ್ನು ರಕ್ತನಾಳದ ಮೂಲಕ ಕೊಟ್ಟಾಗ ಹತ್ತು ಮಕಾಕ್ ಕೋತಿಗಳಲ್ಲಿ ಒಂಬತ್ತು ರಕ್ಷಣೆ ಪಡೆದವು ಎಂದು 2020ರಲ್ಲಿ ವರದಿಯಾಯಿತು. ಅವುಗಳ ಶ್ವಾಸಕೋಶದ ಅಂಗಾಂಶದಲ್ಲೇ ಟಿ ಕೋಶಗಳು ಹೇರಳವಾಗಿದ್ದವು. ಮನುಷ್ಯರಲ್ಲಿ ಎಂ72 ಲಸಿಕೆ ಈಗಾಗಲೇ ಸೋಂಕಿದ್ದ ವಯಸ್ಕರಲ್ಲಿ ಮೂರು ವರ್ಷದ ಅವಧಿಗೆ ಸುಮಾರು ಶೇ 50ರಷ್ಟು ರಕ್ಷಣೆ ಕೊಟ್ಟಿದೆ. ಅದರ ಮೂರನೇ ಹಂತದ ಪ್ರಯೋಗ 2024ರಲ್ಲಿ ಶುರುವಾಗಿದೆ. ಇಂಥ ಪ್ರಯೋಗಗಳಲ್ಲಿ, ಒಪ್ಪುವ ಕೆಲವರಿಂದಲಾದರೂ, ರಕ್ತದ ಜೊತೆಗೆ ಶ್ವಾಸಕೋಶ ತೊಳೆದು ತೆಗೆದ ದ್ರವವನ್ನೂ ಸಂಗ್ರಹಿಸಿ, ಅಲ್ಲಿನ ಟಿ ಕೋಶಗಳನ್ನು ಎಣಿಸಬೇಕೆಂಬುದು ನನ್ನ ಆಗ್ರಹ.